ತಿಳಿನೀರಿನ ದಾರ

ಮದ್ದೂರಿನಲ್ಲಿ ನಮ್ಮದೊಂದು ಅಂಗಡಿಯಿದೆ. ಮೊಳೆ, ಹಗ್ಗ, ಪೈಪು, ಬಲ್ಬುಗಳ ಜೊತೆಗೆ ಗಾಳವನ್ನೂ ಗಾಳದ ದಾರವನ್ನೂ ಮಾರುತ್ತೇವೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ನನ್ನನ್ನು ಗಲ್ಲಾದಲ್ಲಿ ಕೂರಿಸುತ್ತಿದ್ದ, ಆದರೆ ದಾರದ ಗಿರಾಕಿ ಬಂದರೆ ತಾನೇ ಎದ್ದು ಬರುತ್ತಿದ್ದ. ಹೆಂಗಸಿಗೇನು ಗೊತ್ತು ಗಾಳದ ವಿಚಾರ ಅಂತ. ನಾನು ಶಿಂಷಾ ಹೊಳೆಯ ದಂಡೆಯಲ್ಲಿ ಬೆಳೆದವಳು. ಅವನು ಪೇಟೆಯವನು, ಮೀನನ್ನು ತಟ್ಟೆಯಲ್ಲಿ ಮಾತ್ರ ಕಂಡವನು. ಸ್ವಲ್ಪ ದಿನದಲ್ಲೇ ಗಾಳ, ದಾರ ಇಡುವ ಕಪಾಟು ನನ್ನ ಕೈಗೆ ಬಂತು.

ಬಂದವರಿಗೆಲ್ಲ ನಾನು ಕೇಳುವುದು ಒಂದೇ: ‘ನೀರು ಎಂಗದೆ?’ ಮಳೆ ಬಂದು ನಾಲೆಯಲ್ಲಿ ಕೆಂಪು ನೀರು ಹರಿಯುತ್ತಿದ್ದರೆ ಹಳದಿ ದಾರ ಕೊಡುತ್ತೇನೆ. ‘ಅಳದಿ ಕೊಟ್ರೆ ಮೀನು ನೋಡ್ಬುಡ್ತದೆ ಕಣಮ್ಮ’ ಅನ್ನುತ್ತಾರೆ. ‘ಆ ರಾಡೀಲಿ ಮೀನಿಗೆ ಅದ್ರ ಬಾಲವೇ ಕಾಣಾಕಿಲ್ಲ. ದಾರ ಅಲ್ಲಾಡಿದ್ದು ನಿಂಗೆ ಕಾಣ್ಬೇಕು’ ಅನ್ನುತ್ತೇನೆ. ಪಾಚಿ ಕಟ್ಟಿದ ಕೆರೆಗೆ ಹಸಿರು ದಾರ. ಚಳಿಗಾಲ ಕಳೆದು, ಹೊಳೆ ಇಳಿದು, ತಳದ ಕಲ್ಲು ಕಾಣುವಷ್ಟು ನೀರು ತಿಳಿಯಾದಾಗ ಮಾತ್ರ ಬಿಳಿ ದಾರ. ಬಿಳಿ ಅಂತ ಹೆಸರಿಗೆ, ಅದಕ್ಕೆ ಬಣ್ಣವೇ ಇಲ್ಲ. ಗಲ್ಲಾದ ಪಕ್ಕ ಗಾಜಿನ ಜಾಡಿಯಲ್ಲಿ ನೀರಿಟ್ಟಿರುತ್ತೇನೆ. ಯಾರಾದರೂ ಅನುಮಾನಪಟ್ಟರೆ ದಾರವನ್ನು ಅದರಲ್ಲಿ ಮುಳುಗಿಸಿ, ‘ಎಲ್ಲದೆ ತೋರ್ಸು ನೋಡಾನ’ ಅನ್ನುತ್ತೇನೆ. ಕಣ್ಣು ಕಿರಿದು ಮಾಡಿ ನೋಡಿ ನೋಡಿ ಸೋತು, ದಾರ ತಗೊಂಡು ಹೋಗುತ್ತಾರೆ.

ನನ್ನ ತವರು ಮದ್ದೂರು ತಾಲ್ಲೂಕಿನಲ್ಲೇ, ಕೊಕ್ಕರೆಗಳು ಬಂದು ಗೂಡು ಕಟ್ಟುವ ಊರು. ಊರ ನಡುವಿನ ಹುಣಸೆ ಮರಗಳಲ್ಲಿ, ಅರಳಿ ಮರಗಳಲ್ಲಿ, ಮನೆ ಹಿತ್ತಿಲುಗಳಲ್ಲಿ ಅವು ಮರಿ ಮಾಡುತ್ತವೆ. ನಮ್ಮೋರು ಅವನ್ನು ಹೆರಿಗೆಗೆ ಬಂದ ಮಗಳು ಅನ್ನುತ್ತಾರೆ. ಮರಿ ಹಾರುವ ತನಕ ಆ ಮರದ ಹುಣಸೆ ಬಡಿಯುವುದಿಲ್ಲ. ಅಂಗಳವೆಲ್ಲ ಹಿಕ್ಕೆ, ಮೀನಿನ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಂಡರೆ ನಮ್ಮವ್ವ ಅವರ ಮೇಲೇ ರೇಗುತ್ತಾಳೆ.

ಹೊಳೆ ತಿಳಿಯಾಗುವ ಕಾಲವೂ ಕೊಕ್ಕರೆ ಮರಿ ಮಾಡುವ ಕಾಲವೂ ಒಂದೇ. ಬಿಳಿ ದಾರ ಚೆನ್ನಾಗಿ ಖರ್ಚಾಗುವುದೂ ಆಗಲೇ. ಈ ಮೂರನ್ನೂ ನಾನು ಯಾವತ್ತೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಆ ವರ್ಷ ನಾನೂ ಹೆರಿಗೆಗೆ ತವರಿಗೆ ಬಂದಿದ್ದೆ. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇರುವುದು ಅವ್ವ ಮತ್ತು ನನ್ನ ತಮ್ಮ. ಹಿಂದಿನ ವರ್ಷ ಒಂದು ಬಸಿರು ಐದು ತಿಂಗಳಿಗೇ ಕಳೆದುಹೋಗಿತ್ತು. ಅದಕ್ಕೇ ಈ ಸಲ ಅವ್ವ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಬಾವಿ ಕಡೆ ಹೋಗಬೇಡ, ಮಂಚ ಇಳಿಯುವಾಗ ಬಲಗಾಲು ಊರು, ಹಾಗೆ ಕೂರಬೇಡ, ಹೀಗೆ ಮಲಗಬೇಡ. ‘ನನ್ನನ್ನೂ ಒಂದು ಗೂಡು ಕಟ್ಟಿ ಮರದ ಮೇಲಿಟ್ಬುಡು’ ಅಂತ ನಾನು ರೇಗಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಉಂಡು ಹಿತ್ತಿಲ ಜಗಲಿಯಲ್ಲಿ ಕೂತಿದ್ದೆ. ಮರದ ಮೇಲೆ ರೆಕ್ಕೆ ಬಡಿಯುವ ಸದ್ದು ಎಂದಿನಂತಿರಲಿಲ್ಲ. ತಲೆಯೆತ್ತಿ ನೋಡಿದರೆ ಒಂದು ಕೊಕ್ಕರೆ ತಲೆಕೆಳಗಾಗಿ ನೇತಾಡುತ್ತಿದೆ. ಒಂದು ಕಾಲು ಮೇಲಕ್ಕೆ ಸೆಟೆದುಕೊಂಡಿದೆ. ಕಾಲಿಗೂ ರೆಂಬೆಗೂ ನಡುವೆ ಏನೂ ಇಲ್ಲ, ಬರೀ ಗಾಳಿ. ನನಗೆ ತಕ್ಷಣ ಗೊತ್ತಾಯಿತು.

‘ದಾರ!’ ಅಂತ ಕೂಗಿಕೊಂಡೆ.

ಗಾಳ ಹಾಕುವವರು ಸಿಕ್ಕು ಬಿದ್ದ ದಾರವನ್ನು ಕಿತ್ತು ದಂಡೆಯಲ್ಲೇ ಬಿಸಾಡಿ ಹೋಗುತ್ತಾರೆ. ಹಳದಿಯಾದರೆ ದನ ಮೇಯಿಸುವವರಾದರೂ ನೋಡಿ ಎತ್ತಿಹಾಕುತ್ತಾರೆ. ಬಿಳಿ ದಾರವನ್ನು ಯಾರು ನೋಡಬೇಕು? ನೀರಂಚಿನಲ್ಲಿ ಮೀನಿಗೆ ನಿಂತ ಹಕ್ಕಿಯ ಕಾಲಿಗೆ ಸುತ್ತಿಕೊಂಡಿರಬೇಕು. ಅದು ಹಾಗೇ ಹಾರಿ ಗೂಡಿಗೆ ಬಂದು, ದಾರದ ಇನ್ನೊಂದು ತುದಿ ಕೊಂಬೆಗೆ ಸಿಕ್ಕಿಕೊಂಡಿತ್ತು.

ಅವ್ವ ಅಡುಗೆಮನೆಯಿಂದ ಓಡಿ ಬಂದಳು. ಮೇಲೆ ನೋಡಿದಳು, ಆಮೇಲೆ ನನ್ನ ಹೊಟ್ಟೆ ನೋಡಿದಳು. ಅವಳ ಮುಖ ಸುಣ್ಣದ ಹಾಗಾಯಿತು.

‘ನೀನು ಒಳೀಕೆ ಓಗು.’

‘ಯಾಕೆ?’

‘ಓಗು ಅಂದ್ರೆ ಓಗು. ಇದ್ನೆಲ್ಲ ನೋಡ್ಬಾರ್ದು.’

‘ನಾನು ಓಗಾಕಿಲ್ಲ.’

ಅವಳ ಮನಸ್ಸಿನಲ್ಲಿ ಏನಿದೆಯೆಂದು ನನಗೆ ತಿಳಿಯದೇ? ಹೆರಿಗೆಗೆ ಬಂದ ಮಗಳು ತವರಿನ ಮರದಲ್ಲಿ ಸತ್ತು ನೇತಾಡಿದರೆ, ಅದೇ ಮನೆಯ ಜಗಲಿಯಲ್ಲಿ ಇನ್ನೊಬ್ಬ ಮಗಳು ಹೊಟ್ಟೆ ಹೊತ್ತು ಕೂತಿದ್ದರೆ, ಅವಳಂಥವಳು ಏನು ಅಂದುಕೊಳ್ಳುತ್ತಾಳೆ! ಇಂಥವಕ್ಕೆಲ್ಲ ನಗುವವಳು ನಾನು. ಆದರೆ ಅವತ್ತು ನಗು ಬರಲಿಲ್ಲ. ಬೆಳಗಿನಿಂದ ಮಗು ಒದ್ದಿತ್ತೇ ಎಂದು ಯೋಚಿಸಿದೆ. ನೆನಪಾಗಲಿಲ್ಲ.

ತಮ್ಮ ಹುಲ್ಲು ಕೊಯ್ಯುವ ಕುಡ್ಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರ ಹತ್ತಿದ. ಅವನನ್ನು ಕಂಡು ಮಿಕ್ಕ ಕೊಕ್ಕರೆಗಳೆಲ್ಲ ಎದ್ದವು. ಗೂಡಿನ ಮರಿಗಳು ಕಿರುಚಾಡಿದವು. ಅಕ್ಕಪಕ್ಕದ ಮನೆಯವರು ಬಂದು ಕೆಳಗೆ ನಿಂತು ತಲೆಗೊಂದು ಮಾತಾಡತೊಡಗಿದರು. ಅವನು ಕೊಂಬೆಯ ಮೇಲೆ ಹೊಟ್ಟೆಯೂರಿ ತೆವಳಿಕೊಂಡು ಮುಂದೆ ಹೋಗಿ ಕುಡ್ಲು ಬೀಸಿದ. ಅದು ಗಾಳಿಯನ್ನಷ್ಟೇ ಕೊಯ್ದಿತು. ಇನ್ನೊಂದು ಸಲ ಬೀಸಿದ. ಒಂದು ಕಡ್ಡಿ ಮುರಿದು, ಹಕ್ಕಿ ಇದ್ದಕ್ಕಿದ್ದ ಹಾಗೆ ಒಂದು ಗೇಣು ಕೆಳಗೆ ಜಾರಿ ನಿಂತಿತು. ಕಡ್ಡಿ ಮುರಿದ ಸದ್ದಿಗೆ ಕೆಳಗಿದ್ದವರೆಲ್ಲ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

‘ಅಕ್ಕಾ, ದಾರವೇ ಕಾಣಾಕಿಲ್ಲ ಕಣೇ!’

‘ಇಡ್ದು ಎಳಿ’ ಅಂದ ಯಾರೋ ಒಬ್ಬ.

‘ಎಳೀಬ್ಯಾಡ್ಲಾ!’ ನಾನು ಕೂಗಿದೆ. ‘ಎಳೆದ್ರೆ ಇನ್ನೂ ಬಿಗೀತದೆ. ಕಾಲು ಕುಯ್ದೋಯ್ತದೆ!’

ಕೂಗಿದ ರಭಸಕ್ಕೆ ಹೊಟ್ಟೆ ಗಟ್ಟಿಯಾಯಿತು. ಅವ್ವ ನನ್ನ ಹೆಗಲು ಹಿಡಿದು ಕೂರಿಸಿದಳು.

ಮೀನಿಗೆ ಕಾಣದ ದಾರ ಆರಿಸಿಕೊಟ್ಟು ಹೆಸರು ತಗೊಂಡವಳು ನಾನು. ಅದನ್ನು ಕಾಣಿಸುವಂತೆ ಮಾಡುವುದು ಹೇಗೆ ಅಂತ ಯಾರೂ ಕೇಳಿರಲಿಲ್ಲ. ಜಾಡಿ ನೆನಪಾಯಿತು. ನೀರೊಳಗೆ ಮಾಯವಾದ ದಾರವನ್ನು ಮೇಲೆತ್ತಿದಾಗ ಸಣ್ಣ ಸಣ್ಣ ಹನಿ ಉದ್ದಕ್ಕೂ ಅಂಟಿಕೊಂಡು ಬರುತ್ತದೆ. ಗಿರಾಕಿಗೆ ಕೊಡುವ ಮುಂಚೆ ಅದನ್ನು ಸೆರಗಿನಿಂದ ಒರೆಸುತ್ತೇನೆ.

‘ನೀರು ಒಡೀರಿ! ದಾರದ ಮೇಲೆ ಅನಿ ನಿಲ್ತದೆ!’

ಕೊಟ್ಟಿಗೆಯ ಪೈಪು ಎಳೆದರು. ಕರೆಂಟು ಇಲ್ಲ. ಅಷ್ಟು ಎತ್ತರಕ್ಕೆ ಚೊಂಬಿನಿಂದ ಎರಚಿದರೆ ಮುಟ್ಟುವುದಿಲ್ಲ. ಉಳಿದದ್ದು ಕಬ್ಬಿಗೆ ಔಷಧಿ ಹೊಡೆಯುವ, ಬೆನ್ನಿಗೆ ಹಾಕಿಕೊಳ್ಳುವ ಪಂಪು. ಪಕ್ಕದ ಮನೆಯಾತ ಅದನ್ನು ಎತ್ತಿಕೊಂಡು ಬಂದ. ಅವ್ವ ಅಡ್ಡ ನಿಂತಳು.

‘ಕಳೆ ಔಷ್ದಿ ಒಡ್ದಿದ್ದು ಅದ್ರಲ್ಲೇ ಅಲ್ವಾ? ಆ ಇಸ ಬಿದ್ರೆ ಕೊಕ್ಕರೆ ಉಳಿದಾತಾ, ಗೂಡಲ್ಲಿರೋ ಮರಿ ಉಳಿದಾವಾ?’

ಮೇಲೆ ಹಕ್ಕಿ ರೆಕ್ಕೆ ಬಡಿಯುವುದನ್ನು ಕಡಿಮೆ ಮಾಡಿತ್ತು. ಕೊಕ್ಕು ತೆರೆದುಕೊಂಡಿತ್ತು. ಅವ್ವ ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಪಂಪು ತೊಳೆಯತೊಡಗಿದಳು. ನೀರು ಹುಯ್ದು, ಅಲ್ಲಾಡಿಸಿ, ಚೆಲ್ಲಿ, ಮೂಸಿ, ಮತ್ತೆ ಹುಯ್ದಳು. ‘ಸಾಕು ಬುಡಮ್ಮೋ’ ಅಂದರು ಜನ. ಅವಳು ಯಾರ ಮುಖವನ್ನೂ ನೋಡಲಿಲ್ಲ. ‘ಇನ್ನೂ ವಾಸ್ನೆ ಅದೆ’ ಅಂದಳು. ತಮ್ಮ ಮೇಲಿನಿಂದ ‘ನನ್ ಕಾಲು ಮರಗಟ್ತಾ ಅದೆ ಕಣವ್ವೋ’ ಅಂತ ಅಳುವ ದನಿಯಲ್ಲಿ ಕೂಗಿದ. ನನಗೆ ಅವ್ವನ ಮೇಲೆ ತಡೆಯಲಾರದ ಸಿಟ್ಟು ಬಂತು. ಅವಳು ಮಾಡುತ್ತಿರುವುದು ಸರಿ ಅಂತಲೂ ಗೊತ್ತಿತ್ತು.

ಕೊನೆಗೆ ತೊಳೆದ ನೀರನ್ನು ಬೊಗಸೆಯಲ್ಲಿ ಹಿಡಿದು ತನ್ನ ನಾಲಿಗೆಗೇ ಹಚ್ಚಿ ನೋಡಿದಳು. ಬೇಡ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಉಗಿದು, ‘ಊಂ, ತುಂಬ್ಸಿ’ ಅಂದಳು.

ಪಕ್ಕದ ಮನೆಯಾತ ಏಣಿ ಹತ್ತಿ, ಪಂಪಿನ ತುದಿಯನ್ನು ಸಣ್ಣ ಮಾಡಿ ಮೇಲಕ್ಕೆ ಹೊಡೆದ. ಹುಣಸೆ ಎಲೆಗಳ ಕಪ್ಪು ನೆರಳಿನ ಮುಂದೆ ಹನಿಗಳು ಸಾಲಾಗಿ ನಿಂತವು. ಒಂದು ಸಾಲಲ್ಲ, ಎರಡು. ಒಂದು ಸಾಲು ಕಾಲಿನಿಂದ ರೆಂಬೆಗೆ ಹೋಗಿತ್ತು. ಇನ್ನೊಂದು ಸಾಲು ಅದೇ ಕಾಲಿನಿಂದ ರೆಕ್ಕೆಯ ಸಂದಿಗೆ ಹೋಗಿ, ಅಲ್ಲಿ ಸುತ್ತಿ, ಮೇಲಿನ ಕಡ್ಡಿಯೊಂದಕ್ಕೆ ಸಿಕ್ಕಿಕೊಂಡಿತ್ತು. ಮೊದಲನೆಯದನ್ನು ಕೊಯ್ದಿದ್ದರೆ ಹಕ್ಕಿಯ ಭಾರವೆಲ್ಲ ರೆಕ್ಕೆಯ ಮೇಲೆ ಬಿದ್ದು ಮೂಳೆ ಮುರಿಯುತ್ತಿತ್ತು. ತಮ್ಮ ಆಗಲೇ ಅದರ ಮೇಲೆ ಕುಡ್ಲು ಇಟ್ಟಿದ್ದ.

‘ಅದಲ್ಲ ಕಣ್ಲಾ! ಮೇಲ್ಗಡೆ ಕಡ್ಡೀದು! ರೆಕ್ಕೇದು ಮೊದ್ಲು!’

‘ಯಾವ್ದು?’

‘ನಿನ್ನ ಎಡಗೈ ಅತ್ರ! ಇನ್ನೂ ಮೇಲೆ! ಊಂ, ಅದೇ!’

ಆ ಹನಿಗಳು ಎಷ್ಟು ಹೊತ್ತು ನಿಲ್ಲುತ್ತವೆ? ಗಾಳಿಗೆ ಒಂದೊಂದೇ ಉದುರುತ್ತಿದ್ದವು. ಕುಡ್ಲಿನ ತುದಿ ದಾರಕ್ಕೆ ತಾಗಿದ್ದು ಕಂಡಿತು, ರೆಕ್ಕೆ ಸಡಿಲವಾಗಿ ಇಳಿಬಿತ್ತು. ಕೆಳಗೆ ಹೆಂಗಸರು ಜಮಖಾನೆ ಹಿಡಿದು ನಿಂತರು. ನಾನೂ ಒಂದು ಮೂಲೆ ಹಿಡಿಯಲು ಎದ್ದೆ. ‘ಕುಂತ್ಕೊ!’ ಅಂತ ಅವ್ವ ಗದರಿದ ದನಿಯನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ತಮ್ಮ ಎರಡನೆಯದನ್ನು ಕೊಯ್ದ. ಹಕ್ಕಿ ಜಮಖಾನೆಯೊಳಕ್ಕೆ ಬಿತ್ತು.

ಅವ್ವ ಅದರ ತಲೆಗೆ ಬಟ್ಟೆ ಮುಚ್ಚಿದಳು, ಅದು ಸುಮ್ಮನಾಯಿತು. ದಾರ ಕಾಲಿನ ಮಾಂಸದೊಳಗೇ ಇಳಿದಿತ್ತು. ಅವಳ ಕಣ್ಣಿಗೆ ಅದು ಕಾಣುವಂತಿರಲಿಲ್ಲ. ಬೆರಳಿನಿಂದ ತಡಕಿ ತಡಕಿ ಸುತ್ತು ಹುಡುಕಿ ಎತ್ತಿ ಹಿಡಿದಳು, ನಾನು ಬ್ಲೇಡಿನಿಂದ ಕತ್ತರಿಸಿದೆ. ಈ ಸಲ ಅವಳು ಒಳಗೆ ಹೋಗು ಅನ್ನಲಿಲ್ಲ. ದಾರ ಬಿಗಿದಿದ್ದ ಜಾಗದ ಕೆಳಗೆ ಕಾಲು ಕಪ್ಪಾಗಿತ್ತು. ಅವಳು ಅದನ್ನು ಮೇಲಿನಿಂದ ಕೆಳಕ್ಕೆ ಉಜ್ಜಿದಳು, ಮತ್ತೆ ಉಜ್ಜಿದಳು. ಊರಿನಲ್ಲಿ ಹಕ್ಕಿ ನೋಡಿಕೊಳ್ಳುವವರು ಬಂದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಅದನ್ನು ಒಯ್ದರು. ಜೀವ ಉಳಿಯಬಹುದು, ಕಾಲಿನ ಮಾತು ಹೇಳಲಾಗದು ಅಂದರು. ಒಂಟಿ ಕಾಲಿನಲ್ಲಿ ಕೊಕ್ಕರೆ ನೀರಿಗಿಳಿದು ಮೀನು ಹಿಡಿಯುವುದು ಹೇಗೆ ಎಂದು ಯಾರೂ ಕೇಳಲಿಲ್ಲ.

ಅವತ್ತು ರಾತ್ರಿ ಊಟವಾದ ಮೇಲೆ ಮಗು ಒದ್ದಿತು. ಮಾರನೆಯ ದಿನದಿಂದ ಅವ್ವ ತಮ್ಮನನ್ನು ಕೇಳುವಳು, ಕೊಕ್ಕರೆಯ ಕಾಲು ಹೇಗಿದೆಯಂತೆ ಎಂದು. ‘ಚೆನ್ನಾಗದಂತೆ’ ಅನ್ನುವನು. ಅವನು ವಿಚಾರಿಸಿಯೇ ಇರಲಿಲ್ಲವೆಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಅವಳಿಗೂ ತಿಳಿದಿತ್ತು ಅನ್ನಿಸುತ್ತದೆ. ಕೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಹುಣ್ಣಿಮೆ ಕಳೆದ ಮೇಲೆ ಮಂಡ್ಯದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಬೆಳಗಾಗುತ್ತಲೇ ಶುರುವಾದ ನೋವು ಮಧ್ಯಾಹ್ನದವರೆಗೂ ಹಿಂಡಿತು. ನರ್ಸು ಬಟ್ಟೆ ಸುತ್ತಿದ ಮಗುವನ್ನು ತಂದು ಅವ್ವನ ಕೈಗಿಟ್ಟು, ಏನು ಮಗು ಅಂತ ಕೇಳಲಿ ಎಂದು ಕಾಯುತ್ತಾ ನಿಂತಳು. ಅವ್ವ ಗಂಡೋ ಹೆಣ್ಣೋ ಅಂತ ಕೇಳಲಿಲ್ಲ. ಮುಖವನ್ನೂ ನೋಡಲಿಲ್ಲ. ‘ಚಳಿಯಾಗ್ತದಮ್ಮ, ಬಿಚ್ಚಬೇಡಿ’ ಅಂತ ನರ್ಸು ಅನ್ನುತ್ತಿದ್ದರೂ ಬಟ್ಟೆಯ ಕೆಳತುದಿ ಬಿಡಿಸಿ, ಎರಡೂ ಕಾಲನ್ನು ತೊಡೆಯಿಂದ ಹಿಮ್ಮಡಿಯವರೆಗೆ ಬೆರಳಿನಿಂದ ಸವರಿದಳು, ಒಂದಾದ ಮೇಲೆ ಒಂದು.

‘ಎರಡೂ ಬೆಚ್ಚಗವೆ ಕಣವ್ವ’ ಅಂದಳು ನನ್ನ ಕಡೆ ತಿರುಗಿ.

ನಾನೂ ಅದನ್ನೇ ಕೇಳಲು ಬಾಯಿ ತೆರೆದಿದ್ದೆ.