ಕೋಣದ ಹುರುಳಿ

ನಮ್ಮ ಮನೆಯಲ್ಲಿ ಹುರುಳಿ ಬೇಯುತ್ತಿದ್ದುದು ಕೋಣಗಳಿಗಾಗಿ. ಬೆಂದ ಕಾಳನ್ನು ಬಸಿದು, ತೌಡಿನ ಜೊತೆ ಕಲಸಿ ಉಳುವ ಜೋಡಿಗೆ ಇಡುತ್ತಿದ್ದರು. ಬಸಿದ ನೀರಿಗೆ ಮೆಣಸು, ಹುಳಿ, ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ನಮಗೆ ಸಾರು. ಪುತ್ತಿಗೆಯ ಸುತ್ತಲಿನ ಬೇಸಾಯದ ಮನೆಗಳಲ್ಲಿ ಇದೇ ರೂಢಿ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಆ ಸಾರು, ಒಂದು ಮಾವಿನ ಮಿಡಿ. ಅದರಲ್ಲಿ ಕೊರತೆಯಿದೆಯೆಂದು ಯಾರಿಗೂ ಅನ್ನಿಸಿರಲಿಲ್ಲ. ತಂಗಿಯ ಮೇಲೆ ದೂರು ಬರುವವರೆಗೆ ನನಗೂ ಅನ್ನಿಸಿರಲಿಲ್ಲ.

ನಾನು ಮದರಾಸಿನಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ ವರ್ಷ ಅದು. ಕಾಸರಗೋಡು ಇನ್ನೂ ದಕ್ಷಿಣ ಕನ್ನಡದಲ್ಲಿತ್ತು. ತಂಗಿಗೆ ಎಂಟು ವರ್ಷ. ಒಂದು ಸಂಜೆ ಶಾಲೆಯ ಮಾಸ್ಟ್ರು ಮನೆಗೆ ಬಂದು, ಹತ್ತೂವರೆಯ ಬಿಡುವಿನಲ್ಲಿ ಇವಳು ಬೇರೆ ಮಕ್ಕಳ ಬುತ್ತಿ ಬಿಚ್ಚಿ ತಿನ್ನುತ್ತಾಳೆ, ಇದು ಮೂರನೆಯ ಸಲ ಎಂದು ಹೇಳಿಹೋದರು. ಅಪ್ಪ ತೀರಿದ ಮೇಲೆ ಮನೆಯಲ್ಲಿ ಅಮ್ಮನ ಮಾತೇ ಕೊನೆ.

"ಮೂರು ಸೌಟು ಗಂಜಿ ಉಂಡು ಹೋಗ್ತಾಳೆ, ಮತ್ತೆ ಎಂತ ಹಸಿವು? ಮರ್ಯಾದೆ ತೆಗೆದಳು. ನಾಳೆಯಿಂದ ಶಾಲೆ ಬೇಡ, ಸೆಗಣಿ ಬಾಚಲಿ."

ತಂಗಿ ಅಳಲಿಲ್ಲ. "ಹೊಟ್ಟೆಯಲ್ಲಿ ಎಂತದೂ ಇಲ್ಲದ ಹಾಗೆ ಆಗ್ತದೆ, ಅಣ್ಣ" ಎಂದಳು.

ಗಂಜಿ ಬೇಗ ಅರಗುತ್ತದೆ. ಕಾಳಿನ ಪ್ರೋಟೀನು ನಿಧಾನ, ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ, ಬೆಳೆಯುವ ಮೈಗೂ ಬೇಕು. ಇದನ್ನೆಲ್ಲ ಓದಿದ್ದೆ. ಓದಿದ್ದು ಅರ್ಥವಾದದ್ದು ಮಾತ್ರ ಅಂದು ಕೊಟ್ಟಿಗೆಯಲ್ಲಿ, ಕೋಣದ ಬಾನಿಯೊಳಗೆ ಕಾಳು ಕಂಡಾಗ. ಅವಳಿಗೂ ಬೆಳಿಗ್ಗೆ ಅದನ್ನೇ ಕೊಡೋಣ, ಎಂಟು ದಿನ ನೋಡೋಣ, ಅಲ್ಲಿಯವರೆಗೆ ಶಾಲೆ ಬಿಡಿಸುವುದು ಬೇಡ ಎಂದೆ.

"ಕೋಣ ತಿನ್ನುವುದನ್ನು ಹುಡುಗಿಗೆ ಹಾಕುವುದಾ? ಮದರಾಸಿಗೆ ಹೋಗಿ ಕಲಿತದ್ದು ಇದನ್ನಾ ಮಾರಾಯ? ನಾಳೆ ಅವಳ ಹೆಗಲಿಗೆ ನೊಗವೂ ಇಡು. ಹುರುಳಿ ಉಷ್ಣ ಬೇರೆ, ಮೂಗಿನಲ್ಲಿ ರಕ್ತ ಬಂದರೆ?"

"ಕೋಣ ಮಧ್ಯಾಹ್ನದವರೆಗೆ ಉಳ್ತದಲ್ಲ ಅಮ್ಮ. ಹಸಿವಾಯ್ತು ಅಂತ ಗದ್ದೆಯಲ್ಲಿ ಕೂತದ್ದು ಉಂಟಾ?"

ಅಮ್ಮ "ಎಂಟೇ ದಿನ" ಎಂದು ಒಳಗೆ ಹೋದಳು.

ನನ್ನ ನೆನಪಿನಲ್ಲಿ ನಾನು ಮೊದಲ ದಿನವೇ ಗೆದ್ದಿದ್ದೇನೆ. ಆಗ ಬರೆದಿಟ್ಟ ಡೈರಿ ಬೇರೆಯದೇ ಹೇಳುತ್ತದೆ. ಉತ್ಸಾಹದಲ್ಲಿ ಬಟ್ಟಲು ತುಂಬ ಕಾಳು ತಿನ್ನಿಸಿದ್ದೆ. ಅವಳು ಹೊಟ್ಟೆನೋವಿನಿಂದ ಮಧ್ಯಾಹ್ನದವರೆಗೆ ಚಾಪೆಯಲ್ಲಿ ಹೊರಳಿದಳು, ಶಾಲೆಗೆ ಹೋಗಲಿಲ್ಲ. ನನ್ನದೇ ಅಕ್ಷರ, ಅಲ್ಲಗಳೆಯುವಂತಿಲ್ಲ. ಮರುದಿನದಿಂದ ಒಂದು ಹಿಡಿ ಮಾತ್ರ, ಮೆತ್ತಗೆ ಬೇಯಿಸಿ, ಕಾಯಿತುರಿ ಬೆರೆಸಿ.

"ಕೊಂಬು ಬರ್ತದಾ ಅಣ್ಣ?"

"ಬಂದರೆ ಮಾಸ್ಟ್ರಿಗೆ ಹಾಯಿ."

ನಾಲ್ಕನೆಯ ಬೆಳಿಗ್ಗೆ ಅವಳು ಮೂರನೆಯ ಸೌಟು ಗಂಜಿ ಬೇಡವೆಂದಳು. ಐದನೆಯ ದಿನವೂ ಬೇಡವೆಂದಳು. ಬುತ್ತಿಯ ದೂರು ಮತ್ತೆ ಬರಲಿಲ್ಲ. ಶಾಲೆ ತಪ್ಪೀತೆಂಬ ಹೆದರಿಕೆಯೇ ಅವಳ ಕೈ ಕಟ್ಟಿರಬಹುದಲ್ಲ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹೆದರಿಕೆ ಕೈ ಕಟ್ಟೀತು. ಆದರೆ ಮನೆಯಲ್ಲಿ ಅಮ್ಮ ಬಡಿಸುವ ಗಂಜಿಯನ್ನು ಸಾಕೆಂದು ಹೇಳಿಸಲಾರದು. ಕೆಲಸ ಮಾಡಿದ್ದು ಕಾಳೇ. ಈ ಒಂದು ವಿಷಯದಲ್ಲಿ ನನಗೆ ಸಂಶಯವಿಲ್ಲ.

ಅಮ್ಮನಿಗೆ ನನ್ನ ಮಾತು ಸಾಲಲಿಲ್ಲ. ಎಂಟನೆಯ ದಿನ ಸೊಪ್ಪು ತರುತ್ತೇನೆಂದು ಹೊರಟವಳು ಶಾಲೆಯ ಬೇಲಿಯ ಹೊರಗೆ ಬಿಡುವು ಮುಗಿಯುವವರೆಗೆ ನಿಂತಿದ್ದಳು. ಸೊಪ್ಪಿಲ್ಲದೆ ಹಿಂದೆ ಬಂದು, ಕಾಲು ತೊಳೆದು, ಜಗಲಿಯಲ್ಲಿ ಕೂತಳು.

"ಕುಂಟಾಬಿಲ್ಲೆ ಆಡ್ತಿದ್ದಳು" ಎಂದಳು. ಸೆರಗಿನಿಂದ ಕಾಲು ಒರೆಸಿಕೊಂಡು, "ಅವಳ ಸ್ಲೇಟು ಬಿರುಕು ಬಿಟ್ಟಿದೆ. ಕುಂಬಳೆಗೆ ಹೋದರೆ ಹೊಸತೊಂದು ತಾ."