ರಸಮಟ್ಟ ಮೇಸ್ತ್ರಿ ಗಾರೆ ಬಳಿದ ಭೂಮಿ

ಗಾರೆ ದಪ್ಪ ಆಯಿತು ಎಂದು ಮೇಸ್ತ್ರಿಗೆ ಜೀವಮಾನದಲ್ಲಿ ಹೇಳಿದವರು ಒಬ್ಬರೇ, ಮಗಳ ಶಾಲೆಯ ಭೂಗೋಳದ ಮೇಡಂ. ಆ ಮಾತು ಇಂದಿಗೂ ಅವನ ಹೊಟ್ಟೆಯಲ್ಲಿ ಕರಗಿಲ್ಲ. ಮರಳು ಜಾಸ್ತಿ ಸುರಿದ, ಸಿಮೆಂಟು ನುಂಗಿದ ಎಂದು ಲೋಕದ ಮೇಸ್ತ್ರಿಗಳೆಲ್ಲ ಬೈಸಿಕೊಳ್ಳುತ್ತಾರೆ. ದಪ್ಪ ಹಾಕಿದ್ದಕ್ಕೆ ಬೈಸಿಕೊಂಡ ಪುಣ್ಯಾತ್ಮ ಇವನೊಬ್ಬನೇ.

ರಸಮಟ್ಟ ಎನ್ನುವುದು ಜನ ಇಟ್ಟ ಹೆಸರು. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುವ, ಒಳಗೆ ಗುಳ್ಳೆ ಆಡುವ ಆ ಪಟ್ಟಿ ಸದಾ ಅವನ ಚೀಲದಲ್ಲಿರುತ್ತಿತ್ತು. ನೆಂಟರ ಮನೆಗೆ ಊಟಕ್ಕೆ ಹೋದರೂ ಕೈ ತೊಳೆಯುವ ಮೊದಲು ಅದನ್ನು ಗೋಡೆಗೆ ಒತ್ತಿ, "ಎಡಕ್ಕೆ ವಾಲಿದೆ" ಎನ್ನುತ್ತಿದ್ದ. ಎರಡನೇ ಸಲ ಊಟಕ್ಕೆ ಕರೆದವರು ಕಡಿಮೆ. ಆದರೆ ಅವನು ಬಳಿದ ಗೋಡೆ ಬಿರುಕು ಬಿಟ್ಟಿದ್ದನ್ನು ಕಂಡವರಿಲ್ಲ. ಆಸ್ತಿ ಅಂತ ಅವನಿಗಿದ್ದದ್ದು ಅದೊಂದೇ ಹೆಸರು.

ಮಗಳು ಏಳನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ವಸ್ತುಪ್ರದರ್ಶನ. ಇವಳ ಪಾಲಿಗೆ ಬಂದದ್ದು ಭೂಮಿಯ ಒಳಗಿನ ಪದರಗಳು. ಬೇರೆ ಮಕ್ಕಳು ಥರ್ಮಾಕೋಲು, ಬಣ್ಣದ ಕಾಗದ ತರುತ್ತಾರಂತೆ. ಮೇಸ್ತ್ರಿಗೆ ಅದನ್ನು ಕೇಳಿಯೇ ನಗು.

"ಕಾಗದದ ಭೂಮಿ ಮೇಲೆ ಯಾರಾದ್ರೂ ನಿಲ್ಲೋಕಾಗುತ್ತಾ? ನಾನು ಕಟ್ಟಿಕೊಡ್ತೀನಿ."

ತಂತಿಬಲೆ, ಇಟ್ಟಿಗೆ ಚೂರು, ಗಾರೆ ಸೇರಿಸಿ ಕಲ್ಲಂಗಡಿ ಅರ್ಧ ಕುಯ್ದಿಟ್ಟ ಹಾಗೆ ಒಂದು ಗೋಳ ಎಬ್ಬಿಸಿದ. ಮಗಳು ಪಕ್ಕದಲ್ಲಿ ಕೂತು ಪಾಠ ಒಪ್ಪಿಸಿದಳು. ನಟ್ಟನಡುವೆ ಕಬ್ಬಿಣ, ನಿಕ್ಕಲ್ಲಿನ ಗಟ್ಟಿ ಉಂಡೆ, ಅದು ಒಳ ಕೇಂದ್ರಗೋಳ. ಅದರ ಸುತ್ತ ಅದೇ ಲೋಹ, ಆದರೆ ಕರಗಿ ನೀರಾಗಿದೆ, ಅದು ಹೊರ ಕೇಂದ್ರಗೋಳ.

"ಒಳಗಿಂದೇ ಜಾಸ್ತಿ ಬಿಸಿ ಅಂತೀಯ, ಮತ್ತೆ ಅದ್ಯಾಕೆ ಕರಗಿಲ್ಲ?"

"ಮೇಲಿನ ಭಾರ ಅಷ್ಟಿದೆಯಪ್ಪ. ಒತ್ತಡಕ್ಕೆ ಕರಗೋಕೂ ಆಗಲ್ಲ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಬಿಸಿಯೂ ಹೌದು, ಕರಗೋದೂ ಇಲ್ಲ. ನಿಮ್ಮಪ್ಪನ ತಲೆ ನೋಡಿ ಬರೆದಿರ್ಬೇಕು ಪಾಠಾನ" ಎಂದಳು.

ಆಮೇಲೆ ಮ್ಯಾಂಟಲ್. ಭೂಮಿಯ ಬಹುಪಾಲು ಅದೇ. ಕಾದ ಬಂಡೆ, ಗಟ್ಟಿಯೇ, ಆದರೂ ಉಗುರು ಬೆಳೆದಷ್ಟು ನಿಧಾನಕ್ಕೆ ಹರಿದಾಡುತ್ತದೆ. ಎಲ್ಲದರ ಮೇಲೆ ನಾವು ನಿಂತಿರುವ ಭೂಕವಚ, ಭೂಮಿಯ ಸಿಪ್ಪೆ. ಮೇಸ್ತ್ರಿ ಆ ಸಿಪ್ಪೆಗೆ ಮೂರು ಬೆರಳು ದಪ್ಪ ಗಾರೆ ಹೊಡೆದ. ಹೊರಗೋಡೆ ಅಲ್ಲವೇ, ಬಿಸಿಲು ಮಳೆ ತಡೆಯಬೇಕಲ್ಲ.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ನಾಲ್ಕು ಜನ ಗೋಳವನ್ನು ಶಾಲೆಗೆ ಹೊತ್ತು ತಂದರು. ಮೇಡಂ ಸುತ್ತ ತಿರುಗಿ ನೋಡಿದರು.

"ಕೆಲಸ ಚೆನ್ನಾಗಿದೆ ಮೇಸ್ತ್ರಿ. ಆದ್ರೆ ಸಿಪ್ಪೆ ದಪ್ಪ ಆಯ್ತು. ಈ ಅಳತೆಗೆ ಅದು ರಟ್ಟಿನಷ್ಟಿರ್ಬೇಕು. ಸಮುದ್ರದ ಅಡಿಯಲ್ಲಂತೂ ಕಾಗದದಷ್ಟು. ಹೀಗೇ ಇಟ್ರೆ ತಪ್ಪು ಅಂತ ತೆಗೆದುಬಿಡ್ತಾರೆ."

"ರಟ್ಟಿನಷ್ಟಾ? ಒಳಗೆ ಬೆಂಕಿ, ಮೇಲೆ ರಟ್ಟಿನಷ್ಟು ಗಾರೆ. ಯಾವ ಕಂಟ್ರಾಕ್ಟರು ಮೇಡಂ ಇದಕ್ಕೆ? ಬಿರುಕು ಬಿಡಲ್ವಾ?"

ಮೇಡಂ ನಕ್ಕು ಒಳಗೆ ಹೋದರು. ಆ ನಗೆಯೂ ಅವನ ಲೆಕ್ಕದಲ್ಲಿದೆ.

ಅವನು ಗೋಳವನ್ನು ಅಲ್ಲೇ ಬಿಟ್ಟು ಹೊರಟೇಬಿಡುತ್ತಿದ್ದ. ಮಗಳ ಮುಖ ನೋಡಿ ಕಾಲು ಏಳಲಿಲ್ಲ. ಕೊನೆಗೆ ಒಂದು ಕರಾರು ಹಾಕಿದ.

"ಕೆತ್ತಿ ತೆಳ್ಳಗೆ ಬಳಿತೀನಿ. ಒಂದೇ ದಿನದಲ್ಲಿ ಅದಕ್ಕೆ ನೀರು ಕುಡಿಸಿ ಗಟ್ಟಿ ಮಾಡೋಕಾಗಲ್ಲ, ಬಿಟ್ಟೇ ಬಿಡುತ್ತೆ ಬಿರುಕು. ನಾಳೆ ಎಲ್ಲರ ಮುಂದೆ ನೀನು ಹೇಳ್ಬೇಕು, ಮೇಡಂ ಹೇಳಿದ್ದಕ್ಕೆ ಹೀಗೆ ಮಾಡಿದ್ದು, ನಮ್ಮಪ್ಪನ ಗಾರೆ ಬಿರುಕು ಬಿಡಲ್ಲ ಅಂತ."

"ಹೇಳ್ತೀನಪ್ಪ, ಆಣೆಗೂ."

ಶಾಲೆಯ ಅಂಗಳದಲ್ಲೇ ಉಳಿ ಹಿಡಿದು ಕೆತ್ತಿದ. ರಟ್ಟಿನಷ್ಟು ಬಳಿದ. ಕರಣೆ ಹಿಡಿದ ಕೈ ನಾಚಿಕೊಂಡಿತು. ಸಂಜೆಯೇ ಬಣ್ಣ ಬಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಭೂಮಿಯ ಮೈತುಂಬ ಬಿರುಕು, ಹೋಳು ಹೋಳು. ಅದೇ ಹೊತ್ತಿಗೆ, ಯಾರೋ ಹೇಳಿ ಕಳಿಸಿದವರ ಹಾಗೆ, ಅವನಿಗೆ ಕೆಲಸ ಕೊಡುವ ಕಂಟ್ರಾಕ್ಟರು ಅದೇ ಶಾಲೆಯಲ್ಲಿ ಓದುವ ಮಗನ ಕೈ ಹಿಡಿದು ಎದುರಿಗೇ ಬಂದು ನಿಂತರು.

"ಏನ್ ಮೇಸ್ತ್ರಿ, ನಿನ್ನ ಗಾರೆನೂ ಬಿರುಕು ಬಿಡುತ್ತಾ?"

ಮೇಸ್ತ್ರಿ ಮಗಳ ಬಾಯನ್ನೇ ನೋಡಿದ. ಈಗ ಹೇಳುತ್ತಾಳೆ.

ತೀರ್ಪು ಕೊಡುವವರೂ ಬಂದರು. "ಇದೇನಮ್ಮ, ಒಡೆದುಹೋಗಿದೆ?"

ಮಗಳು ಅಪ್ಪನತ್ತ ಒಮ್ಮೆ ನೋಡಿದಳು. ಆಮೇಲೆ ತೋರಿಸುವ ಕೋಲು ಎತ್ತಿದಳು. "ಭೂಮಿಯ ಸಿಪ್ಪೆ ಇರೋದೇ ಹೀಗೆ ಸರ್. ಒಂದೇ ತುಂಡಲ್ಲ. ಸಿಪ್ಪೆ, ಅದರಡಿಯ ಒಂದಿಷ್ಟು ಗಟ್ಟಿ ಬಂಡೆ, ಎರಡೂ ಸೇರಿ ದೊಡ್ಡ ದೊಡ್ಡ ಫಲಕಗಳಾಗಿವೆ. ಕೆಳಗಿನ ಮ್ಯಾಂಟಲ್ ನಿಧಾನಕ್ಕೆ ಹರಿದಾಡುತ್ತಲ್ಲ, ಇವೂ ಸರಿದಾಡ್ತವೆ. ಒಂದಕ್ಕೊಂದು ಸಿಕ್ಕಿಕೊಂಡು ಫಕ್ಕನೆ ಜಾರಿದ್ರೆ ಭೂಕಂಪ."

ತೀರ್ಪುಗಾರರು ತಲೆದೂಗಿದರು. "ಬಿರುಕು ಎಷ್ಟು ಸಹಜವಾಗಿ ಬಂದಿದೆ ನೋಡಿ. ಯಾರು ಮಾಡಿದ್ದು?"

"ನಮ್ಮಪ್ಪ" ಎಂದಳು ಹುಡುಗಿ, ಹೆಮ್ಮೆಯಿಂದ. ಅಷ್ಟಕ್ಕೇ ನಿಲ್ಲಿಸಿದಳು.

ಮೊದಲ ಬಹುಮಾನ ಬಂತು. ಜೀವನದಲ್ಲಿ ಬಳಿದ ಒಂದೇ ಒಂದು ಕೆಟ್ಟ ಗಾರೆಗೆ ಮೇಸ್ತ್ರಿಗೆ ಚಪ್ಪಾಳೆ. ನೆಟ್ಟಗೆ ನಿಂತ ಸಾವಿರ ಗೋಡೆಗಳಿಗೆ ಯಾರೂ ಒಂದು ಸಲ ಕೈ ತಟ್ಟಿದ್ದಿಲ್ಲ, ಅದು ಬೇರೆ ಮಾತು. ಗೋಳ ಶಾಲೆಯ ವರಾಂಡದಲ್ಲೇ ಉಳಿಯಿತು, ಅದನ್ನು ಎತ್ತಲು ಯಾರಿಗಿದೆ ಸೊಂಟ. ವರ್ಷಾವರ್ಷ ಹೊಸ ಮಕ್ಕಳು ಬಂದು ಬಿರುಕುಗಳ ಮೇಲೆ ಬೆರಳಾಡಿಸಿ ಪಾಠ ಕಲಿಯುತ್ತಾರೆ. ಕಂಟ್ರಾಕ್ಟರು ಮಾತ್ರ ಹೊಸ ಕೆಲಸ ಕೊಡುವಾಗಲೆಲ್ಲ, "ಭೂಕಂಪದ ಗಾರೆ ಬೇಡ ಮಾರಾಯ, ಮಾಮೂಲಿದು ಸಾಕು" ಎಂದು ಹಲ್ಲು ಕಿರಿಯುತ್ತಾರೆ.

ಮಗಳಿಗೀಗ ಮದುವೆಯಾಗಿ ಮಗುವೂ ಇದೆ. ಬಂದಾಗಲೆಲ್ಲ ಅಪ್ಪ ಕೇಳುತ್ತಾನೆ, "ಆ ಮಾತು ಯಾವಾಗ ಹೇಳ್ತೀಯ?"

"ಅಯ್ಯೋ, ಬಹುಮಾನ ಬಂತಲ್ಲಪ್ಪ. ಈಗ ಯಾರಿಗೆ ಹೇಳ್ಲಿ?"

"ಕಂಟ್ರಾಕ್ಟರಿಗೆ ಹೇಳು."

"ಹೇಳ್ತೀನಿ, ನಾಳೆ ಹೋಗಿ ಹೇಳ್ತೀನಿ" ಎನ್ನುತ್ತಾಳೆ. ಮಾರನೇ ದಿನ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತುತ್ತಾಳೆ.