ಹಳೆಯ ಬಸ್‌ಡಕ್ಟ್ ಇಳಿಸಿದ ಭಾನುವಾರ

ಕ್ರೇನಿನ ಹಗ್ಗ ಜಾರಬಹುದಿತ್ತು. ಎಳೆಯುವಾಗ ಹೊಸ ಕೇಬಲ್ಲಿನ ಮೈ ತರಚಬಹುದಿತ್ತು. ಕೇಬಲ್ಲುಗಳ ಕೆಂಪು, ಹಳದಿ, ನೀಲಿ ಗುರುತುಗಳು ಅದಲುಬದಲಾಗಿ ಕಾರ್ಖಾನೆಯ ಮೋಟರುಗಳೆಲ್ಲ ಹಿಮ್ಮುಖವಾಗಿ ತಿರುಗಬಹುದಿತ್ತು. ಯಾರೋ ಸ್ಪ್ಯಾನರನ್ನು ಪ್ಯಾನೆಲ್ಲಿನೊಳಗೇ ಮರೆಯಬಹುದಿತ್ತು. ಮಂಜಿನಲ್ಲಿ ಕ್ರೇನು ನೋಯ್ಡಾ ತಲುಪದೇ ಹೋಗಬಹುದಿತ್ತು. ತಲುಪಿಯೂ ಪಕ್ಕದ ಕಾರ್ಖಾನೆಗೆ ನುಗ್ಗಿ ಅವರ ಡಕ್ಟನ್ನು ಇಳಿಸಿಬಿಡಬಹುದಿತ್ತು. ಈ ಕೊನೆಯದು ದೆಹಲಿಯ ಪೀತಮ್‌ಪುರಾದ ಮನೆಯಲ್ಲಿ ಹಲ್ಲುಜ್ಜುವಾಗ ಹೊಳೆಯಿತು. ಹೆಂಡತಿಗೆ ಹೇಳಿದೆ.

"ಭೂಕಂಪ ಬಿಟ್ರಲ್ಲ," ಅಂದಳು.

ಅದನ್ನೂ ಸೇರಿಸಿಕೊಂಡು ಹೊರಟೆ.

ಮೆಟ್ರೋ ಇನ್ನೂ ನೋಯ್ಡಾಕ್ಕೆ ಬಂದಿರದ ಕಾಲ. ನಾನು ಎಂಜಿನಿಯರಾಗಿದ್ದ ಕಾರ್ಖಾನೆಯಲ್ಲಿ, ಹೊರಗಿನ ಟ್ರಾನ್ಸ್‌ಫಾರ್ಮರಿನಿಂದ ಪ್ಯಾನೆಲ್ ರೂಮಿನವರೆಗೆ, ಅಂಗಳದ ಮೇಲೆ ಉದ್ದನೆಯ ತಗಡಿನ ಪೆಟ್ಟಿಗೆಯೊಂದು ಹಾದುಹೋಗಿತ್ತು. ಅದೇ ಬಸ್‌ಡಕ್ಟ್. ಒಳಗಿನ ಲೋಹದ ಪಟ್ಟಿಗಳಲ್ಲಿ ಇಡೀ ಕಾರ್ಖಾನೆಯ ಕರೆಂಟು ಹರಿಯುತ್ತಿತ್ತು. ಮಳೆ ಬಂದರೆ, ಮಂಜು ಬಿದ್ದರೆ ಅದರ ಸಂದುಗಳಲ್ಲಿ ನೀರು ಸೇರಿ ಎಲ್ಲವೂ ನಿಂತುಬಿಡುತ್ತಿತ್ತು. ಇದನ್ನು ತೆಗೆದು ಕೇಬಲ್ ಬಸ್ ಹಾಕೋಣ, ಗಾಳಿಯಾಡುವ ಚೌಕಟ್ಟಿನಲ್ಲಿ ನಡುವೆ ಎಲ್ಲೂ ಜೋಡಣೆಯಿಲ್ಲದ ಕೇಬಲ್ಲುಗಳನ್ನು ಸಾಲಾಗಿ ಮಲಗಿಸಿದರಾಯಿತು ಎಂದು ಬರೆದುಕೊಟ್ಟವನು ನಾನೇ. ಶನಿವಾರ, ಭಾನುವಾರ ಎರಡೇ ದಿನ ಸಾಕು, ಭಾನುವಾರ ಮಧ್ಯಾಹ್ನದ ಪಾಳಿಗೆ ಕರೆಂಟು ಬರದಿದ್ದರೆ ಹೊಣೆ ನನ್ನದು ಎಂದು ಸಹಿ ಹಾಕಿದವನೂ ನಾನೇ.

ಎರಡೂ ದಿನ ಮಂಜು ಕರಗಲೇ ಇಲ್ಲ. ಹಳೆಯ ಪೆಟ್ಟಿಗೆ ತುಂಡುತುಂಡಾಗಿ, ಸದ್ದಿಲ್ಲದೆ, ಬಿಳುಪಿನೊಳಕ್ಕೆ ಇಳಿಯಿತು. ಕೇಬಲ್ ಎಳೆಯುವವರ ಮುಖ ಕಾಣುತ್ತಿರಲಿಲ್ಲ. "ಜೋರ್ ಲಗಾ ಕೇ..." ಎಂದು ಒಂದು ದನಿ ಎಲ್ಲಿಂದಲೋ ಬರುತ್ತಿತ್ತು, "ಹೈಶಾ!" ಎಂದು ಇನ್ನೆಲ್ಲಿಂದಲೋ ಉತ್ತರ. ನಡುವೆ, ಕಪ್ಪನೆಯ ಕೇಬಲ್ಲು ಮಂಜಿನಿಂದ ಹುಟ್ಟಿ, ನನ್ನ ತಲೆಯ ಮೇಲೆ ನಿಧಾನವಾಗಿ ಹರಿದು, ಮಂಜಿನಲ್ಲೇ ಮುಗಿಯುತ್ತಿತ್ತು. ನೋಡುತ್ತ ನೋಡುತ್ತ ಚಿಂತೆ ಮಾಡುವುದೇ ಮರೆತುಹೋಯಿತು. ಮರೆತಿದ್ದೇನೆಂದು ನೆನಪಾದಾಗ ಭೂಕಂಪದಿಂದ ಮತ್ತೆ ಶುರುಮಾಡಿದೆ.

ಪರೀಕ್ಷೆಗಳೆಲ್ಲ ಸರಿಯಾಗಿ ಮುಗಿದಾಗ ಪಾಳಿಗೆ ಇನ್ನು ಅರ್ಧ ಗಂಟೆ. ಪ್ಯಾನೆಲ್ ರೂಮಿನ ಹಿರಿಯ ಆಪರೇಟರ್ ಒಳಗೆ ಸ್ವಿಚ್ಚಿನ ಬಳಿ ನಿಂತ. ಕಿಡಿ ಹಾರಿದರೆ ಗೊತ್ತಾಗಲೆಂದು ನಾನು ಹೊರಗೆ, ಹೊಸ ಚೌಕಟ್ಟಿನ ಕೆಳಗೆ.

"ಚಾಲೂ ಕರೋ!" ಎಂದು ಕೂಗಿದೆ.

ಒಳಗೆ ಟಪ್ಪೆಂದಿತು. ಆಮೇಲೆ ಏನೂ ಇಲ್ಲ.

ಹಳೆಯ ಪೆಟ್ಟಿಗೆ ಕರೆಂಟು ಬಂದೊಡನೆ ತಂಬೂರಿಯಂತೆ ಗುಂಯ್ ಎನ್ನುತ್ತಿತ್ತು. ಕಾರ್ಖಾನೆಗೆ ಜೀವವಿದೆಯೆಂದು ನಾನು ವರ್ಷಗಟ್ಟಲೆ ತಿಳಿಯುತ್ತಿದ್ದುದು ಆ ಸದ್ದಿನಿಂದಲೇ. ಈಗ ಬರೀ ಮಂಜು, ಬರೀ ಮೌನ. ನನ್ನ ಸಹಿ ಕಣ್ಣಮುಂದೆ ಬಂತು.

"ನಹೀಂ ಆಯಾ! ಬಂದ್ ಕರೋ, ಬಂದ್!" ಕರೆಂಟು ಬಂದಿಲ್ಲ, ಆರಿಸಿಬಿಡು ಎಂದು ಕೂಗಿದೆ.

ಮತ್ತೆ ಟಪ್.

ಆಪರೇಟರ್ ಬಾಗಿಲಿಗೆ ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಅಂದರ್ ತೋ ಸಬ್ ಚಲ್ ರಹಾ ಥಾ, ಸಾಬ್."

ಒಳಗೆ ದೀಪಗಳೆಲ್ಲ ಹತ್ತಿದ್ದವಂತೆ, ಫ್ಯಾನುಗಳು ಸರಿಯಾದ ದಿಕ್ಕಿಗೇ ತಿರುಗಿದ್ದವಂತೆ. ಕೇಬಲ್ ಬಸ್ಸಿಗೆ ಹಾಗೆ ಗುಂಯ್‌ಗುಡುವ ತಗಡಾದರೂ ಎಲ್ಲಿದೆ?

ಎರಡನೆಯ ಸಲ ಆತ ನನ್ನನ್ನು ಹೊರಗೆ ಬಿಡಲಿಲ್ಲ. ಕರೆಂಟು ಬಂದರೆ ಹತ್ತುವ ಕೆಂಪು ದೀಪಗಳ ಎದುರು ಸ್ಟೂಲು ಹಾಕಿದ. "ಯಹಾಂ ಬೈಠಿಯೇ. ಔರ್ ಮುಂಹ್ ಬಂದ್."

ಬಾಯಿ ಮುಚ್ಚಿಕೊಂಡು ಕೂತೆ. ಪಾಳಿಯವರು ಬರುವಷ್ಟರಲ್ಲಿ ಎಲ್ಲವೂ ಓಡುತ್ತಿತ್ತು. ಆ ಎರಡು ದಿನಗಳಲ್ಲಿ ತಪ್ಪಿದ್ದು ಇಷ್ಟೇ: ಸರಿಯಾಗಿಯೇ ಬಂದಿದ್ದ ಕರೆಂಟನ್ನು ನಾನು ಮೂರು ನಿಮಿಷ ವಾಪಸು ಕಳಿಸಿದ್ದೆ.